ಕರಡಿಗೆ ಮಾತ್ರ ಉಳಿದಿತ್ತು

೧೯೫೯ನೆಯ ಇಸವಿ ಜುಲೈ ೧೩, ಸೋಮವಾರ. ಬೆಳಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಮದರಾಸಿನ ಮೈಲಾಪುರದ ಕಡೆಯ ಠಾಣೆಗೆ ಒಂದು ದೂರು ಬಂತು. ತಂದವರು ಖಾಸಗಿ ದತ್ತಿಯೊಂದರ ವಸ್ತುಸಂಗ್ರಹಾಲಯದ ಮೇಲಧಿಕಾರಿ ಕೃಷ್ಣರಾಜ. ಉಗ್ರಾಣದ ೨೧೨ನೆಯ ವಸ್ತುವಿನ ಒಂದು ಭಾಗ ಮೊನ್ನೆ ಶನಿವಾರ ಕಳುವಾಗಿದೆಯೆಂದು ಅವರು ಬರೆದುಕೊಟ್ಟಿದ್ದರು. ಇನ್‌ಸ್ಪೆಕ್ಟರ್ ಬದರಿನಾಥರಾಯರು ಅದನ್ನು ಎರಡು ಸಲ ಓದಿದರು. ಬೆಳ್ಳಿಯ ಡಬ್ಬಿ ಇದ್ದಲ್ಲೇ ಇದೆ. ಅದರೊಳಗಿದ್ದ ‘ಕಪ್ಪು ಗುಂಡು, ಉಪಯೋಗ ತಿಳಿಯದು’ ಮಾತ್ರ ಇಲ್ಲ.

“ಬೆಳ್ಳಿ ಬಿಟ್ಟು ಕಲ್ಲು ಹೊತ್ಕೊಂಡು ಹೋಗಿದಾನೆ ಸಾರ್,” ಎಂದ ಕಾನ್‌ಸ್ಟೇಬಲ್ ತಿರುಮಲ. “ಪೈತ್ಯಕಾರ ಕಳ್ಳ. ಕೀಳ್ಪಾಕ್ಕಂ ಹುಚ್ಚಾಸ್ಪತ್ರೇಲಿ ಹುಡುಕಿದ್ರೆ ಸಿಗ್ತಾನೆ.”

ರಾಯರು ನಗಲಿಲ್ಲ. ೩೮೦ನೆಯ ಕಲಮಿನಡಿ ಎಫ್.ಐ.ಆರ್. ದಾಖಲಿಸಿ, ಹನ್ನೆರಡು ಗಂಟೆಗೆ ಇಬ್ಬರು ಪಂಚರನ್ನು ಕರೆದುಕೊಂಡು ಉಗ್ರಾಣಕ್ಕೆ ಹೋದರು.

ಬೀಗ ಮುರಿದಿರಲಿಲ್ಲ. ನೆಲದ ಮೇಲೆ ಧೂಳಿತ್ತು. ಬೂಟಿನ ಗುರುತುಗಳು ಬಾಗಿಲವರೆಗೆ ಬಂದು ನಿಂತಿದ್ದವು. ಅಲ್ಲಿಂದ ಕಪಾಟಿನವರೆಗೆ ಬರಿಗಾಲಿನ ಹೆಜ್ಜೆಗಳು. ಬೆಳ್ಳಿಯ ಡಬ್ಬಿಯ ಮುಚ್ಚಳ ತೆರೆದಾಗ ತಳದಲ್ಲಿ ಒಂದು ಚಿಟಿಕೆ ಬಿಳಿಯ ಪುಡಿ ಕಂಡಿತು. ರಾಯರು ಗೋಪಿಚಂದನದ ಮನೆಯಲ್ಲಿ ಹುಟ್ಟಿದವರು; ಆದರೂ ವಿಭೂತಿಯನ್ನು ಗುರುತಿಸಲಾರದಷ್ಟು ಕುರುಡರಾಗಿರಲಿಲ್ಲ. ಅದು ಡಬ್ಬಿಯಲ್ಲ, ಲಿಂಗವಂತರು ಇಷ್ಟಲಿಂಗವನ್ನಿಟ್ಟು ಕೊರಳಿಗೆ ಧರಿಸುವ ಕರಡಿಗೆ. ಒಬ್ಬ ಮನುಷ್ಯನ ಜೀವಮಾನದ ಪೂಜೆಯನ್ನು ‘ಕಪ್ಪು ಗುಂಡು’ ಎಂದು ಬರೆದಿಟ್ಟ ವಿದ್ಯಾವಂತರ ಬಗ್ಗೆ ಅವರಿಗೆ ಸಿಟ್ಟು ಬಂತು. ಪಂಚನಾಮೆಯಲ್ಲಿ ಸಿಟ್ಟನ್ನು ಬರೆಯುವಂತಿರಲಿಲ್ಲ.

ವಿಚಾರಿಸಿದಾಗ ಕೃಷ್ಣರಾಜರು ಮನಸ್ಸಿಲ್ಲದ ಮನಸ್ಸಿನಿಂದ ಒಂದು ಕಡತ ತೆಗೆದರು. ಪ್ರತಿ ಶನಿವಾರ ಸಂಜೆ ಐದಕ್ಕೆ ಅಲ್ಲಿ ‘ಉಗ್ರಾಣದ ಹತ್ತು ನಿಮಿಷ’ ಎಂಬ ಕಾರ್ಯಕ್ರಮ ನಡೆಯುತ್ತಿತ್ತು. ಕತ್ತಲಲ್ಲಿ ಬಿದ್ದಿರುವ ಒಂದೊಂದು ವಸ್ತುವನ್ನು ಹೊರತಂದು, ತಿಳಿದವರು ಜನಕ್ಕೆ ಅದರ ಕತೆ ಹೇಳುವುದು. ಯೋಚನೆ ಸಹಾಯಕ ಸಂಗ್ರಹಪಾಲ ಸೋಮಲಿಂಗಪ್ಪನದು. ಜೂನ್ ೨೦ರಂದು ಅವನೇ ಈ ಕರಡಿಗೆಯ ಬಗ್ಗೆ ಮಾತನಾಡಿದ್ದ. ಎರಡು ದಿನಗಳ ಮೇಲೆ ಸೌಕಾರ್‌ಪೇಟೆಯ ಶಂಕ್ರಮ್ಮ ಎಂಬ ವಿಧವೆಯಿಂದ ಅರ್ಜಿ ಬಂದಿತ್ತು: ಅದು ತನ್ನ ಗಂಡನ ಲಿಂಗ, ಮರಳಿ ಕೊಡಬೇಕು ಎಂದು. ಸೋಮಲಿಂಗಪ್ಪ ಅದಕ್ಕೆ ಮೂರು ಪುಟಗಳ ಶಿಫಾರಸು ಬರೆದಿದ್ದ. ಕೃಷ್ಣರಾಜರು ಜುಲೈ ೬ರಂದು ಕೊಟ್ಟ ಉತ್ತರ ಒಂದೇ ಸಾಲಿನದು: ದಾಖಲೆಗೆ ಬಂದ ವಸ್ತುವನ್ನು ಹಿಂದಿರುಗಿಸುವ ಪದ್ಧತಿ ಇಲ್ಲ.

“ಆಕೆಯದೇ ಎಂಬುದು ನಿಮಗೆ ಗೊತ್ತಿತ್ತೆ?” ಎಂದು ರಾಯರು ಕೇಳಿದರು.

“ಗೊತ್ತಿತ್ತೋ ಇಲ್ಲವೋ, ನಿಯಮ ಒಂದೇ ತಾನೆ,” ಎಂದರು ಕೃಷ್ಣರಾಜ.

ಮಧ್ಯಾಹ್ನ ಎರಡೂವರೆಗೆ ರಾಯರು ಸೌಕಾರ್‌ಪೇಟೆಯ ಓಣಿಯೊಂದರಲ್ಲಿ ಶಂಕ್ರಮ್ಮನ ಎದುರು ಕುಳಿತಿದ್ದರು. ಆಕೆಯ ಗಂಡ ಏಕಾಂತಪ್ಪ ಬಳ್ಳಾರಿಯಿಂದ ಬಂದು ಹತ್ತಿಯ ವ್ಯಾಪಾರ ಮಾಡಿದವರು. ೧೯೪೩ರಲ್ಲಿ ಬೀದಿಯಲ್ಲಿ ಕುಸಿದು ಸತ್ತಾಗ ಆಸ್ಪತ್ರೆಯವರು ಕೊರಳಿನ ಕರಡಿಗೆಯನ್ನು ಬಿಚ್ಚಿಟ್ಟಿದ್ದರು. ಅದು ಮತ್ತೆ ಸಿಗಲಿಲ್ಲ. ಅವರಲ್ಲಿ ಸತ್ತವರನ್ನು ಕುಳ್ಳಿರಿಸಿ, ಎಡ ಅಂಗೈಯಲ್ಲಿ ಲಿಂಗವನ್ನಿಟ್ಟು ಮಣ್ಣು ಮಾಡುವುದು ವಾಡಿಕೆ. ಏಕಾಂತಪ್ಪನಿಗೆ ಅದಾಗಲಿಲ್ಲ. ಕರಡಿಗೆ ಯಾರು ಯಾರದೋ ಕೈದಾಟಿ ಕೊನೆಗೆ ಉಗ್ರಾಣ ಸೇರಿತ್ತು. ಒಮ್ಮೆ ಒಲೆಕಟ್ಟೆಯ ಮೇಲೆ ಬಿದ್ದು ನೆಗ್ಗಿದ ಅಂಚಿನಿಂದ ಆಕೆ ಅದನ್ನು ಗುರುತಿಸಿದ್ದಳು.

“ಈಗ ಲಿಂಗ ಎಲ್ಲಿದೆ ಅಮ್ಮ?”

“ಅವರ ಕೈಯಾಗ ಐತ್ರಿ.”

“ಯಾರ ಕೈಯಲ್ಲಿ?”

“ನಮ್ಮ ಮನಿಯವರ ಕೈಯಾಗ. ಹದಿನಾರು ವರ್ಷ ಬರಿಗೈಲೆ ಕುಂತಿದ್ರು.”

“ತಂದುಕೊಟ್ಟವರು ಯಾರು?”

“ಅದನ್ನ ಕೇಳಬ್ಯಾಡ್ರಿ ಸಾಹೇಬ್ರ. ನನ್ನ ಹೆಸರು ಬರಕೋರಿ.”

ಕೇಳುವ ಅಗತ್ಯವೂ ಇರಲಿಲ್ಲ. ಶನಿವಾರ ಉಗ್ರಾಣದ ಬೀಗದ ಕೈ ಒಬ್ಬನ ಬಳಿಯೇ ಇತ್ತು. ಸಂಜೆ ನಾಲ್ಕೂವರೆಗೆ ಸೋಮಲಿಂಗಪ್ಪ ಠಾಣೆಯಲ್ಲಿ ನಿಂತಿದ್ದ. ಕುಳಿತುಕೊಳ್ಳಿ ಎಂದರೂ ಕುಳಿತುಕೊಳ್ಳಲಿಲ್ಲ.

“ಬೂಟು ಯಾಕೆ ಬಿಟ್ಟಿರಿ?”

“ಬೂಟು ಹಾಕ್ಕೊಂಡು ಲಿಂಗ ಮುಟ್ಟೋಕಾಗುತ್ತಾ ಸಾರ್?”

“ವಿಭೂತಿ?”

“ಕರಡಿಗೇನ ಬರಿದು ಮಾಡಿ ಬರೋಕೆ ಮನಸ್ಸಾಗ್ಲಿಲ್ಲ.”

ಹೀಗೆ ಕಳ್ಳತನ ಮಾಡಲು ಬಾರದ ಕಳ್ಳನನ್ನು ರಾಯರು ತಮ್ಮ ಹತ್ತೊಂಬತ್ತು ವರ್ಷಗಳ ನೌಕರಿಯಲ್ಲಿ ಕಂಡಿರಲಿಲ್ಲ. ಯಾಕೆ ಮಾಡಿದಿರಿ ಎಂದು ಕೇಳಿದಾಗ ಅವನು ತನ್ನ ಬಲಗೈ ನೋಡಿಕೊಂಡ.

“ಅವತ್ತು ಮಾತು ಮುಗಿದ ಮೇಲೆ ಆ ತಾಯಿ ಬಂದ್ರು. ಕರಡಿಗೆ ತೆಗೆದು ತೋರಿಸ್ದೆ. ಲಿಂಗಾನ ಅಂಗೈಗೆ ತಗೊಂಡು ಮುಷ್ಟಿ ಕಟ್ಟಿಬಿಟ್ರು. ಆರು ಗಂಟೆಗೆ ವಸ್ತು ಕಪಾಟಿಗೆ ಹೋಗಬೇಕು ಅಂತ ನಿಯಮ. ಒಂದೊಂದೇ ಬೆರಳು ಬಿಡಿಸಿ ತಗೊಂಡವನು ನಾನೇ ಸಾರ್.”

೫-೧೫ಕ್ಕೆ ಅವನನ್ನು ದಸ್ತಗಿರಿ ಮಾಡಲಾಯಿತು. ನೌಕರನೇ ಕದ್ದದ್ದರಿಂದ ಕಲಮು ೩೮೧ ಆಯಿತು.

ಮರುದಿನ ರಾಯರು ಕೃಷ್ಣರಾಜರ ಬಳಿಗೆ ಹೋಗಿ, ದೂರು ಬಿಟ್ಟುಬಿಡಿ, ನ್ಯಾಯಾಲಯದ ಅನುಮತಿಗೆ ನಾನೇ ಓಡಾಡುತ್ತೇನೆ ಎಂದು ಕೇಳಿಕೊಂಡರು. ಪೊಲೀಸ್ ಅಧಿಕಾರಿ ಫಿರ್ಯಾದಿಯನ್ನು ಹಾಗೆ ಬೇಡುವುದು ತಪ್ಪು; ಆದರೂ ಬೇಡಿದರು. ವಸ್ತು ವಾಪಸು ಬರಲೇಬೇಕು ಎಂಬ ಉತ್ತರ ಬಂತು. ಕಾನೂನು ಕೃಷ್ಣರಾಜರ ಕಡೆಗಿತ್ತು. ಮ್ಯಾಜಿಸ್ಟ್ರೇಟರು ಏಕಾಂತಪ್ಪನ ಸಮಾಧಿಯನ್ನು ಅಗೆಯಲು ಅಪ್ಪಣೆ ಕೊಟ್ಟರು.

ಜುಲೈ ೧೬, ಗುರುವಾರ ಬೆಳಗ್ಗೆ ಏಳು ಗಂಟೆ. ರುದ್ರಭೂಮಿಯ ಬಾಗಿಲಲ್ಲಿ ರಾಯರು ಬೂಟು ಬಿಚ್ಚಿದರು. ತಿರುಮಲನೂ ಬಿಚ್ಚಿದ, ಅಂದು ಅವನ ಬಾಯಲ್ಲಿ ತಮಾಷೆ ಇರಲಿಲ್ಲ. ಮೊಳದಷ್ಟು ಮಣ್ಣು ತೆಗೆದಾಗ ಬಿಳಿಯ ಬಟ್ಟೆಯ ಗಂಟು ಕಂಡಿತು. ಯಾರೂ ತಡೆಯುವ ಮುನ್ನ ಶಂಕ್ರಮ್ಮ ಬಗ್ಗಿ ಅದನ್ನು ಎತ್ತಿಕೊಂಡಳು. ಬಟ್ಟೆ ಬಿಚ್ಚಿ, ಲಿಂಗವನ್ನು ಅಂಗೈಯಲ್ಲಿಟ್ಟು, ಮುಷ್ಟಿ ಕಟ್ಟಿದಳು.

“ಅಮ್ಮ, ಕೊಡಬೇಕು,” ಎಂದರು ರಾಯರು.

ಆಕೆ ಅಳಲಿಲ್ಲ, ಬೈಯಲಿಲ್ಲ. ಕೊಡಲೂ ಇಲ್ಲ. ಪಂಚರು ಬೇರೆ ಕಡೆ ನೋಡುತ್ತಿದ್ದರು. ಮಾಡದೆ ಬಿಡಬಹುದಾದ ಕೆಲಸವಾಗಿದ್ದರೆ ರಾಯರು ಬಿಡುತ್ತಿದ್ದರು.

ಠಾಣೆಗೆ ಬಂದು ಲಿಂಗವನ್ನು ಮುದ್ದೆಮಾಲೆಂದು ಬರೆದು ಮೊಹರು ಹಾಕಿದ ಮೇಲೆ ಅವರು ಕೇಸ್ ಡೈರಿ ತೆರೆದರು. ಆರೋಪಿಗೆ ಲಾಭದ ಉದ್ದೇಶವಿರಲಿಲ್ಲವೆಂದು ಬರೆದರು. ಮುದುಕಿಯೊಬ್ಬಳ ಬೆರಳುಗಳನ್ನು ತನ್ನ ಕೈಯಾರೆ ಬಿಡಿಸಿದ್ದೇ ಅವನನ್ನು ಈ ಕೃತ್ಯಕ್ಕೆ ತಳ್ಳಿತೆಂದು ಬರೆದರು. ಕೆಳಗೆ ಇನ್ನೊಂದು ವಾಕ್ಯ ಸೇರಿಸಿದರು:

‘ಈ ಪ್ರೇರಣೆ ಎಷ್ಟು ಬಲವಾದದ್ದೆಂಬುದು ತನಿಖಾಧಿಕಾರಿಗೆ ಈ ದಿನ ಬೆಳಗ್ಗೆ ೭-೨೦ಕ್ಕೆ ತಿಳಿದುಬಂದಿದೆ.’