ದೊಡ್ಡಮ್ಮ ಅಂದ ತಪ್ಪಿಗೆ

"ಯಾರ್ರೀ ಅದು, ನಮ್ಮ ಹೊಂಗೆಮರಕ್ಕೆ ಸೀರೆ ಉಡಿಸ್ತಿರೋದು?"

ಏಣಿಯ ಮೇಲಿದ್ದ ರುದ್ರನಿಗೆ ತಕ್ಷಣ ಉತ್ತರ ಕೊಡಲಾಗಲಿಲ್ಲ. ಕೆಂಪು ಸ್ಯಾಟಿನ್ ಬಟ್ಟೆಯ ಒಂದು ತುದಿ ಕೊಂಬೆಗೆ ಬಿಗಿದಿದ್ದ, ಇನ್ನೊಂದು ತುದಿ ಅವನ ಹಲ್ಲಿನಲ್ಲಿತ್ತು.

"ಸ್ಯಾಂಪಲ್ ರೀ," ಎಂದ, ಬಟ್ಟೆಯನ್ನು ಬಾಯಿಂದ ಬಿಟ್ಟು. "ಮದುವೆ ಮನೆಯೋರಿಗೆ ತೋರ್ಸಾಕೆ."

"ಮದುವೆ ಮನೆಯೋಳೇ ಹೇಳ್ತಿದೀನಿ, ಬಿಚ್ರಿ. ಸ್ಯಾಂಪಲ್ಲೇ ಹಿಂಗೆ ಹೊಳೆದ್ರೆ ಅವತ್ತು ಜನ ಬಟ್ಟೆ ನೋಡ್ತಾರೆ. ನನ್ನ ಯಾರು ನೋಡ್ತಾರೆ?"

ಆಗ ತಿರುಗಿ ನೋಡಿದ. ಸವಳಂಗದ ಶಾಲೆಯಿಂದ ಆಗಷ್ಟೇ ಬಂದ ಟೀಚರ್. ಬೆರಳ ತುದಿಗೆ ಪರೀಕ್ಷೆ ಪೇಪರಿನ ಕೆಂಪು ಇಂಕು. ಕೂದಲಲ್ಲಿ ಮರದಿಂದ ಉದುರಿದ ಎರಡು ಹೊಂಗೆ ಹೂವು. ಅವು ಅಲ್ಲಿರುವುದು ಆಕೆಗೆ ಗೊತ್ತಿರಲಿಲ್ಲ. ಹೇಳಬೇಕು ಅನ್ನಿಸಿತು ಅವನಿಗೆ.

ಬದಲಿಗೆ ಜಗಳಕ್ಕೆ ನಿಂತ. ಜಗಳ ಅವನಿಗೆ ಸಲೀಸು. ತಿಪ್ಪೇರುದ್ರ ಎಂಬ ಪೂರ್ತಿ ಹೆಸರನ್ನು ಶಾಲೆಯ ಹಾಜರಿ ಪುಸ್ತಕದಲ್ಲೇ ಬಿಟ್ಟು ಬಂದವನು. ಒಂಬತ್ತನೇ ಕ್ಲಾಸಿನಲ್ಲಿ ಮೇಷ್ಟ್ರ ಕೈಯಿಂದ ಕೋಲು ಕಿತ್ತು ಮುರಿದು, ಅವತ್ತೇ ಚೀಲ ಹೆಗಲಿಗೇರಿಸಿ ಹೊರಬಿದ್ದು, ಈಗ ನ್ಯಾಮತಿ ಬಸ್ ಸ್ಟ್ಯಾಂಡಿನ ಹಿಂದೆ ಶಾಮಿಯಾನದ ಅಂಗಡಿ ಇಟ್ಟಿದ್ದ.

"ನಿಮಗೆ ಏನು ಬೇಕು ಹಂಗಾದ್ರೆ?"

"ಸ್ಟೇಜ್ ಬೇಡ. ರಾಜಾರಾಣಿ ಸೋಫಾ ಬೇಡ. ಬಯಲಲ್ಲಿ, ಮರದ ಕೆಳಗೆ, ಜನ ಕಾಲು ಚಾಚಿ ಕೂತು ಮಜ್ಜಿಗೆ ಕುಡೀತಾ ಮಾತಾಡ್ಬೇಕು. ಮಧ್ಯದಲ್ಲಿ ನಂದೊಂದು ಮದುವೆ ಆಗಿಬಿಡ್ಬೇಕು."

"ಮೇ ತಿಂಗಳ ಬಿಸಿಲಲ್ಲಿ ಬಯಲಲ್ಲಾ? ಜನ ಮದುವೆಗೆ ಬರ್ತಾರಾ ಹಪ್ಪಳ ಆಗಾಕೆ ಬರ್ತಾರಾ?"

ಅಷ್ಟರಲ್ಲಿ ಹುಡುಗಿಯ ತಾಯಿ ಸಿದ್ದಲಿಂಗಮ್ಮ ಮನೆಯ ಕಡೆಯಿಂದ ಬಂದಳು. ಗೆಲ್ಲುವ ಆತುರದಲ್ಲಿ ರುದ್ರ ಏಣಿಯಿಂದ ಜಿಗಿದು ಕೂಗಿದ: "ದೊಡ್ಡಮ್ಮ, ನೀವಾದ್ರೂ ನಿಮ್ಮ ಮಗಳಿಗೆ ಬುದ್ಧಿ ಹೇಳ್ರಿ!"

ಅದು ಅವನ ಕಸುಬಿನ ಚಾಳಿ. ಶಾಮಿಯಾನದವನಿಗೆ ಊರೆಲ್ಲಾ ನೆಂಟರೇ. ದೊಡ್ಡಮ್ಮ ಅಂದರೆ ಬೈಯುವ ಬಾಯಿ ಅರ್ಧ ಮುಚ್ಚುತ್ತದೆ, ತಿಂಡಿ ತಟ್ಟೆ ತಾನಾಗಿ ಬರುತ್ತದೆ. ಆ ಮಾತಿಗೆ ಬೇರೆ ತೂಕವೂ ಇದೆ ಎಂದು ಅವನು ಯಾವತ್ತೂ ಯೋಚಿಸಿದವನಲ್ಲ.

ಸಿದ್ದಲಿಂಗಮ್ಮ ಕಣ್ಣು ಕಿರಿದು ಮಾಡಿದಳು. "ಯಾವೂರಪ್ಪ ನಿಂದು?"

"ಬಸವಾಪಟ್ಟಣ. ಬೈಲಪ್ಪನ ಮಗ."

"ಬೈಲಪ್ಪನ ಮಗನಾ! ಅಯ್ಯೋ, ನನ್ನ ತವರೂ ಅದೇ…"

ಮಾತು ಅಲ್ಲಿಗೆ ನಿಂತಿತು. ಆಕೆ ಮಗಳನ್ನು ನೋಡಿದಳು. ಮಗಳು ಶಾಮಿಯಾನದವನ ಹರಿದ ಅಂಗಿ ತೋಳನ್ನು ನೋಡುತ್ತಾ ತುಟಿಯಲ್ಲೇ ನಗುತ್ತಿದ್ದಳು.

"ನಿನ್ನ ಅವ್ವ ಜಗಳೂರು ಕಡೆಯೋಳಲ್ವಾ? ನಮ್ಮ ಅಜ್ಜಿ ಕಡೆಯಿಂದ ನನಗೆ ತಂಗಿ ಆಗಬೇಕು. ಸರಿಯಾಗೇ ಕರೆದೆ ನೋಡು, ದೊಡ್ಡಮ್ಮನೇ ನಾನು. ಅರುಣಾ, ನಿನಗೆ ಅಣ್ಣ ಇವ್ನು."

ಅರುಣಾ ತಲೆ ಕೊಡವಿದಳು. ಎರಡೂ ಹೂವು ಉದುರಿದವು.

*

ಮದುವೆಗೆ ಮೂರು ವಾರವಿತ್ತು. ಹುಡುಗ ವಿನಯ್ ಕುಮಾರ್, ಹೊನ್ನಾಳಿಯಲ್ಲಿ ಕಾಲೇಜು ಲೆಕ್ಚರರ್. ಕಾರ್ಡು ಹಂಚಿಯಾಗಿತ್ತು.

ರುದ್ರ ದಿನಾ ಬರತೊಡಗಿದ. ದಿನಾ ಬರುವಷ್ಟು ಕೆಲಸ ಇರಲಿಲ್ಲ. ಅದು ಅವನಿಗೂ ಗೊತ್ತಿತ್ತು, ಲೈಟಿಂಗ್ ನೋಡಿಕೊಳ್ಳುವ ಅವನ ಪಾರ್ಟ್‌ನರ್ ಮುಜೀಬನಿಗೂ ಗೊತ್ತಿತ್ತು.

ಮೊದಲ ಕೆಲಸ ನೆರಳು ಅಳೆಯುವುದು. ಮನೆ ಮುಂದಿನ ಕಣದ ಅಂಚಿನಲ್ಲಿ ಮೂರು ಹೊಂಗೆಮರ. ಬೆಳಗ್ಗೆ ಎಂಟಕ್ಕೆ ಅವುಗಳ ನೆರಳು ಎಲ್ಲಿಗೆ ಮುಗಿಯುತ್ತದೋ ಅಲ್ಲಿಗೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆದ. ಒಂಬತ್ತಕ್ಕೆ ಇನ್ನೊಂದು. ಹತ್ತಕ್ಕೆ, ಹನ್ನೊಂದಕ್ಕೆ. ನೆರಳು ಕುಗ್ಗುತ್ತಾ ಬಂದಂತೆ ಗೆರೆಗಳು ಮರದ ಬುಡಕ್ಕೆ ಸರಿದವು.

"ಇದೇನು, ನೆರಳಿಗೆ ಪಟ್ಟಾ ಮಾಡಿಸ್ತಿದೀರಾ?" ಅರುಣಾ ಗೆರೆಯ ಮೇಲೆ ಹಗ್ಗದ ಮೇಲೆ ನಡೆಯುವವಳಂತೆ ಕೈ ಚಾಚಿ ನಡೆದಳು.

"ತುಳೀಬ್ಯಾಡ್ರಿ, ಅಳಿಸುತ್ತೆ. ಈ ಹನ್ನೊಂದರ ಗೆರೆ ಒಳಗೆ ಚಾಪೆ ಹಾಸಿದ್ರೆ ಧಾರೆ ಮುಗಿಯೋ ತನಕ ಯಾರ ತಲೆ ಮೇಲೂ ಬಿಸಿಲು ಬೀಳಲ್ಲ."

"ನಾನೆಲ್ಲಿ ಕೂರ್ಬೇಕು?"

"ಬುಡದಲ್ಲಿ. ಅಲ್ಲಿ ಯಾವಾಗ್ಲೂ ತಂಪು."

"ನೀವೆಲ್ಲಿರ್ತೀರಿ?"

ರುದ್ರ ಸುಣ್ಣದ ಡಬ್ಬಿ ಮುಚ್ಚಿದ. "ಹನ್ನೊಂದರ ಗೆರೆ ಆಚೆ. ನಾವು ಬಿಸಿಲಲ್ಲಿ ನಿಂತೋರ್ರಿ, ನಮಗೇನಾಗಲ್ಲ."

ಅವಳು ನಗಲಿಲ್ಲ. ಗೆರೆ ದಾಟಿ ಬಂದು ಅವನ ಪಕ್ಕ ಬಿಸಿಲಲ್ಲಿ ನಿಂತಳು, ಒಂದು ನಿಮಿಷ, ಕಣ್ಣಿಗೆ ಕೈ ಅಡ್ಡ ಹಿಡಿದು. ಅವಳ ನೆರಳು ಅವನ ನೆರಳಿನ ಮೇಲೆ ಬಿದ್ದಿತ್ತು. ಸುಣ್ಣದ ಡಬ್ಬಿ ಕೈಯಲ್ಲೇ ಇತ್ತು. ಆ ಜೋಡಿ ನೆರಳಿಗೆ ಮಾತ್ರ ಗೆರೆ ಎಳೆಯಲು ಅವನಿಗೆ ಧೈರ್ಯವಾಗಲಿಲ್ಲ.

ಫೋನಿನಲ್ಲಿ ಅವಳು ಯಾವ್ಯಾವುದೋ ದೇಶದ ಮದುವೆ ಫೋಟೋ ತೋರಿಸುತ್ತಿದ್ದಳು. ಬಿಳಿ ಬಟ್ಟೆ, ಗಾಜಿನ ಬಾಟಲಿ, ಹುಲ್ಲಿನ ಪೆಂಡಿ. ಅವನು ಮೂಗು ಮುರಿಯುತ್ತಿದ್ದ. ಮರುದಿನ ಅದನ್ನೇ ಇಲ್ಲಿಯ ಸಾಮಾನಿನಲ್ಲಿ ಮಾಡಿ ತರುತ್ತಿದ್ದ. ಮೆಕ್ಕೆಜೋಳದ ಸಿಪ್ಪೆ ನೆನೆಹಾಕಿ ಸುತ್ತಿದ ಹೂವು. ಬಿದಿರು ಬುಟ್ಟಿ ಬೋರಲು ಹಾಕಿ ಮಾಡಿದ ದೀಪ. ಈಚಲ ಚಾಪೆ. ಮಜ್ಜಿಗೆಗೆ ಸಾಲು ಮಣ್ಣಿನ ಮಡಕೆ, ಬಾಯಿಗೆ ಬೇವಿನ ಸೊಪ್ಪು.

"ಎಲ್ಲಿ ಕಲಿತ್ರಿ ಇದನ್ನೆಲ್ಲಾ?"

"ಒಂಬತ್ತನೇ ಕ್ಲಾಸ್ ಫೇಲಾದ್ರೆ ತಾನಾಗೇ ಬರುತ್ತೆ."

"ಫೇಲಾಗಿಲ್ಲ ನೀವು, ಕೋಲು ಮುರಿದು ಓಡಿದ್ರಿ. ಮುಜೀಬಣ್ಣ ಹೇಳಿದ್ರು."

ಮುಜೀಬ್‌ಗೆ ಅಣ್ಣ ಅಂದಳು. ಅಡುಗೆಯವರಿಗೆ ಅಣ್ಣ, ಮಡಕೆ ತಂದವನಿಗೆ ಅಣ್ಣ. ಸ್ವತಃ ಅವ್ವನೇ ಬೆರಳು ಮಾಡಿ ತೋರಿಸಿದ ರುದ್ರನಿಗೆ ಮಾತ್ರ "ಇಲ್ನೋಡ್ರಿ", "ಕೇಳಿಸ್ತಾ", "ಹಲೋ ಡೆಕೊರೇಷನ್".

ಒಂದು ಭಾನುವಾರ ವಿನಯ್ ಕುಮಾರ್ ಬಂದ. ರುದ್ರ ಅವನನ್ನು ದ್ವೇಷಿಸಲು ಪೂರ್ತಿ ತಯಾರಾಗಿ ಕೂತಿದ್ದ. ಬಂದವನು ಸುಣ್ಣದ ಗೆರೆ ನೋಡಿ ಬೆರಗಾದ, ತಾನೇ ಚಾಪೆ ಎತ್ತಿ ಕೊಟ್ಟ. "ಬ್ರದರ್, ನಮ್ಮ ಅಜ್ಜಿಗೆ ಮಂಡಿನೋವು, ಕೆಳಗೆ ಕೂರಾಕಾಗಲ್ಲ. ಒಂದ್ನಾಲ್ಕು ಚೇರ್ ಹಾಕ್ತೀರಾ? ಡಿಸೈನ್ ಕೆಡಲ್ಲ ತಾನೆ?"

ಥೂ. ಬೈಯಾಕೂ ಒಂದು ತಪ್ಪು ಮಾಡಬಾರದಾ ಇವನು? ಅವತ್ತು ರುದ್ರ ಗೂಟ ಹೊಡೆಯುವ ಸುತ್ತಿಗೆಯಲ್ಲಿ ತನ್ನ ಹೆಬ್ಬೆರಳಿಗೇ ಹೊಡೆದುಕೊಂಡ.

*

ಮದುವೆಗೆ ಐದು ದಿನವಿದ್ದಾಗ ಅವನ ಅವ್ವ ಬಸವಾಪಟ್ಟಣದಿಂದ ಫೋನ್ ಮಾಡಿದಳು.

"ಸಿದ್ದಲಿಂಗಮ್ಮನ ಮಗಳ ಮದುವೇನಾ ನೀನು ಮಾಡ್ತಿರೋದು? ಆಕೆ ನಿಮ್ಮಪ್ಪನಿಗೆ ದೊಡ್ಡಪ್ಪನ ಮಗಳಾಗಬೇಕು ಕಣೋ. ನಿನಗೆ ಸೋದರತ್ತೆ."

"ದೊಡ್ಡಮ್ಮ ಅಂದಳಲ್ಲವ್ವಾ."

"ನನ್ನ ಕಡೆಯಿಂದ ಸುತ್ತಿ ಬಳಸಿ ಹಿಡಿದ್ರೆ ಹಂಗೂ ಆಗುತ್ತೆ. ಹತ್ತಿರದ್ದು ಅತ್ತೇನೇ. ಮೊದಲು ಯಾರು ಕರೆದಿದ್ದು ಹಂಗೆ?"

ರುದ್ರ ಫೋನ್ ಇಟ್ಟ. ಅತ್ತೆಯ ಮಗಳನ್ನು ಕೇಳಿಯಾದರೂ ನೋಡಬಹುದು. ದೊಡ್ಡಮ್ಮನ ಮಗಳ ಕಡೆ ಕಣ್ಣೆತ್ತಿದರೆ ಊರು ಉಗಿಯುತ್ತದೆ. ಆ ದಿನ ಸಿದ್ದಲಿಂಗಮ್ಮನ ಮಾತು ನಡುವೆ ನಿಂತದ್ದು ನೆನಪಾಯಿತು. ಆಕೆಯ ಮುಂದೆ ಎರಡೂ ದಾರಿ ಇದ್ದವು. ಮಗಳ ಮುಖ ನೋಡಿ ಆರಿಸಿಕೊಂಡಿದ್ದಳು. ಆದರೆ ಬಾಗಿಲು ಹಾಕಿ ಬೀಗವನ್ನು ಆಕೆಯ ಕೈಗೆ ಕೊಟ್ಟವನು ಯಾರು? ಇವನೇ. ಇವನ ಹಾಳು ಬಾಯಿ.

ಮರುದಿನ ಸಿದ್ದಲಿಂಗಮ್ಮ ಕರೆದು ಹೇಳಿದಳು, ಕಣ್ಣು ಬೇರೆ ಕಡೆ ಇಟ್ಟು: "ಹಂದರಕ್ಕೆ ಹಾಲುಗಂಬದ ಅತ್ತಿ ಕೊಂಬೆ ನೀನೇ ಕಡಿದು ತರಬೇಕಪ್ಪ. ನಮ್ಮನೇಲಿ ಅದು ಹೆಣ್ಣಿನ ಅಣ್ಣನ ಕೆಲಸ. ಇವಳಿಗೆ ಒಡಹುಟ್ಟಿದೋರಿಲ್ಲ. ನೀನಿದೀಯಲ್ಲ."

*

"ನಾನು ಕಡಿಯಲ್ಲ," ಎಂದ ರುದ್ರ.

ಮದುವೆಗೆ ಎರಡು ದಿನ. ಸಂಜೆ ಬಿಸಿಲು ಓರೆಯಾಗಿತ್ತು. ಇಬ್ಬರೂ ಕಣದಲ್ಲಿ ಕೂತು ಮೆಕ್ಕೆಜೋಳದ ಸಿಪ್ಪೆಯ ಹೂವು ಸುತ್ತುತ್ತಿದ್ದರು, ನಡುವೆ ನೀರಿನ ಬಕೆಟ್ಟು. ಮುಜೀಬ್ ದೂರದಲ್ಲಿ ವೈರು ಎಳೆಯುತ್ತಾ ಬೇಕಂತಲೇ ಬೆನ್ನು ತಿರುಗಿಸಿದ್ದ.

"ಕಡೀದಿದ್ರೆ ಯಾಕೆ ಅಂತ ಕೇಳ್ತಾರೆ," ಅರುಣಾ ತಲೆ ಎತ್ತಲಿಲ್ಲ. "ಏನಂತೀರಿ?"

"ನಿಜ ಹೇಳ್ತೀನಿ."

"ಹೇಳಿ ಲಗೇಜ್ ಆಟೋ ಹತ್ತಿ ಹೋಗ್ತೀರಿ. ಇಲ್ಲಿರೋಳು ನಾನು. ಮೂರು ವಾರ ಕಣದಲ್ಲಿ ಏನು ನಡೀತು ಅಂತ ಜನ ನನ್ನ ಕೇಳ್ತಾರೆ, ನಿಮ್ಮನ್ನಲ್ಲ."

ಅವನ ಕೈಯಲ್ಲಿದ್ದ ಸಿಪ್ಪೆ ಹರಿಯಿತು.

"ಮದುವೆ ಬೇಡ ಅನ್ನಾಕಾಗಲ್ವಾ?"

"ವಿನಯ್‌ಗೆ ಏನಂತ ಹೇಳ್ಲಿ? ಅವರು ಏನು ತಪ್ಪು ಮಾಡಿದ್ರು? ಹುಡುಗ ಹೆಂಗಿದಾನೆ ಅಂತ ಅಪ್ಪ ಕೇಳಿದಾಗ ಹ್ಞೂಂ ಅಂದೋಳು ನಾನೇ. ಆಗ ನೀವು ಇನ್ನೂ ಯಾವ ಮರದ ಮೇಲಿದ್ರೋ."

ಎಲ್ಲೋ ಕರು ಕೂಗಿತು. ಅವಳು ಸುತ್ತಿದ ಹೂವನ್ನು ಅವನ ಕಡೆ ನೂಕಿದಳು, ಬೆರಳು ತಾಗದಂತೆ.

"ನಿಮಗೆ ಒಂದ್ಸಲನೂ ಅಣ್ಣ ಅಂದಿಲ್ಲ ನಾನು. ಗಮನಿಸಿದ್ರಾ?"

"ದಿನಾ."

"ಹ್ಞೂಂ. ಅದೇ ನಾನು ಕೊಡಾಕಾಗೋದು."

ಸಿಟ್ಟು ಬಂದರೆ ರುದ್ರನಿಗೆ ಏನಾದರೂ ಮುರಿಯಬೇಕು. ಇಲ್ಲಿ ಮುರಿಯಲು ಕೋಲೂ ಇರಲಿಲ್ಲ.

"ಅವತ್ತು ನಾನು ಅತ್ತೆ ಅಂದಿದ್ರೆ?"

ಅವಳು ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ.

"ಆಗಲೂ ಇದೇ ಮದುವೆ ಆಗ್ತಿತ್ತು. ಕಾರ್ಡ್ ಹಂಚಿಯಾಗಿತ್ತಲ್ಲ. ಆದ್ರೆ ಹಾಲುಗಂಬ ಕಡಿಯಾಕೆ ಅವ್ವ ಬೇರೆ ಯಾರನ್ನಾದ್ರೂ ಹುಡುಕ್ತಿದ್ಳು. ನೀವು ಸುಮ್ನೆ ನೀವಾಗಿರ್ತಿದ್ರಿ."

"ಅಷ್ಟಾಗಿದ್ರೂ ಸಾಕಿತ್ತು ನನಗೆ."

"ನನಗೂ," ಎಂದು ಎದ್ದು ಹೋದಳು. ಬಕೆಟ್ಟಿನ ನೀರು ಅಲುಗಾಡುತ್ತಲೇ ಇತ್ತು.

*

ಮರುದಿನ ಬೆಳಗ್ಗೆ ಹಳ್ಳದ ದಡದ ಅತ್ತಿಮರಕ್ಕೆ ಮಚ್ಚು ಹಾಕಿದ. ಒಂದೇ ಏಟು. ಬಿಳಿ ಹಾಲು ಚಿಮ್ಮಿ ಮೊಳಕೈವರೆಗೆ ಇಳಿಯಿತು.

"ನಿಧಾನ ಹೊಡಿಯೋ ಮಾರಾಯ," ಮುಜೀಬ್ ಅಂದ. "ಮರ ಏನು ಮಾಡೈತೆ?"

"ಯಾರೂ ಏನೂ ಮಾಡಿಲ್ಲ ಕಣೋ. ಅದೇ ಕಷ್ಟ."

ಮದುವೆ ಮನೆಯಲ್ಲಿ ರುದ್ರನಿಗೆ ಹೊಸ ಶಲ್ಯ ಹೊದಿಸಿದರು. ಹೆಂಗಸರು ಸೋಬಾನೆ ಹೇಳುತ್ತಿದ್ದಾಗ ಕೊಂಬೆಯನ್ನು ಕಣದ ಮೂಲೆಯಲ್ಲಿ ನೆಟ್ಟು ಮಣ್ಣು ತುಳಿದ. ಅರಿಶಿನದ ಕೊಂಬು ಕಟ್ಟಿದ. ಸಾವಿರ ಗೂಟ ನೆಟ್ಟ ಕೈ ಅದು.

"ಅಣ್ಣನ ಕಾಲಿಗೆ ಬೀಳೇ," ಎಂದಳು ಸಿದ್ದಲಿಂಗಮ್ಮ.

ಅರುಣಾ ಬಗ್ಗಿದಳು. ಕೂದಲಲ್ಲಿ ಈ ಸಲ ಮಲ್ಲಿಗೆ, ಲೆಕ್ಕ ಹಾಕಿ ಮುಡಿಸಿದ್ದು. ಅವಳ ಬೆರಳು ಸುತ್ತಿಗೆ, ಗೂಟ, ಬಿಸಿಲು ತಿಂದ ಅವನ ಪಾದದ ಮೇಲೆ ಬಿದ್ದವು. ಎಲ್ಲರಿಗೂ ಬೀಳುವುದಕ್ಕಿಂತ ಒಂದು ಉಸಿರು ಹೆಚ್ಚು ನಿಂತವು. ರುದ್ರ ಅಕ್ಕಿಕಾಳು ತೆಗೆದು ತಲೆಯ ಮೇಲೆ ಹಾಕಿದ. "ಚೆನ್ನಾಗಿರು" ಅನ್ನಬೇಕಿತ್ತು. ಬದಲಿಗೆ ತೋಳಿನಿಂದ ಕಣ್ಣು ಒರೆಸಿಕೊಂಡ. ಅವಳೂ ಏನೂ ಕರೆಯದೆ ಎದ್ದಳು.

ಅಲ್ಲಿದ್ದವರಿಗೆಲ್ಲಾ ಅದು ಒಡಹುಟ್ಟಿದವರ ಕಣ್ಣೀರು. ಒಬ್ಬ ಅಜ್ಜಿ ಸೆರಗಲ್ಲಿ ಮೂಗು ಒರೆಸಿಕೊಂಡಳು.

ಮದುವೆ ಚೆನ್ನಾಗಿ ಆಯಿತು. ಅಂಥ ಮದುವೆ ಆ ಕಡೆ ಯಾರೂ ನೋಡಿರಲಿಲ್ಲ. ಜನ ಕಾಲು ಚಾಚಿ ಕೂತು ಮಜ್ಜಿಗೆ ಕುಡಿದರು, ಹೊಂಗೆ ಹೂವು ಎಲೆಯ ಮೇಲೆಲ್ಲಾ ಉದುರಿತು, ವಿನಯನ ಅಜ್ಜಿ ಚೇರಿನಲ್ಲಿ ಕೂತು ಎರಡು ಸಲ ಪಾಯಸ ಬಡಿಸಿಕೊಂಡಳು. ಧಾರೆ ಮುಗಿಯುವವರೆಗೆ ಯಾರ ತಲೆಯ ಮೇಲೂ ಬಿಸಿಲು ಬೀಳಲಿಲ್ಲ. ಹನ್ನೊಂದರ ಗೆರೆಯ ಆಚೆ ಒಬ್ಬ ನಿಂತಿದ್ದ. ತಾಳಿ ಕಟ್ಟುವಾಗ ಮದುಮಗಳು ಒಂದೇ ಒಂದು ಸಲ ತಲೆ ಎತ್ತಿ, ಆ ಬಿಸಿಲಿನ ಕಡೆ ನೋಡಿ, ಕಣ್ಣು ಕಿರಿದು ಮಾಡಿದಳು.

*

ಮೂರನೇ ದಿನ ಸಾಮಾನು ಬಿಚ್ಚಲು ಬಂದರು. ಚಾಪೆ ಸುತ್ತಿ, ಬುಟ್ಟಿ ಇಳಿಸಿ, ಆಟೋಗೆ ಹೇರಿದರು. ಒಣಗಿದ ಸಿಪ್ಪೆ ಹೂವುಗಳನ್ನು ರುದ್ರ ತಾನೇ ಚೀಲಕ್ಕೆ ತುಂಬಿದ, ಯಾರಿಗೂ ಕೊಡಲಿಲ್ಲ. ಸುಣ್ಣದ ಗೆರೆಗಳು ಜನರ ಕಾಲಿಗೆ ಅರೆಬರೆ ಅಳಿಸಿದ್ದವು. ಹನ್ನೊಂದರ ಗೆರೆಯನ್ನು ಚಪ್ಪಲಿಯಲ್ಲಿ ಪೂರ್ತಿ ಒರೆಸಿದ.

"ಹಾಲುಗಂಬ ಕೀಳಬೇಡಪ್ಪ," ಜಗಲಿಯಲ್ಲಿ ಒಬ್ಬಳೇ ಕೂತಿದ್ದ ಸಿದ್ದಲಿಂಗಮ್ಮ ಹೇಳಿದಳು. "ಅದು ಇರಬೇಕು."

ಅದು ಒಣಗಿದೆಯೋ ಚಿಗುರಿದೆಯೋ ಎಂದು ಅವನು ನೋಡಲಿಲ್ಲ. ನೋಡಿದರೆ ಯಾವುದಾದರೊಂದು ಆಸೆ ಹುಟ್ಟಬಹುದು ಎಂಬ ಭಯ.

ಆಕೆ ಒಂದು ಲೋಟ ಮಜ್ಜಿಗೆ ತಂದುಕೊಟ್ಟಳು. ನಿಂತೇ ಕುಡಿದ, ಲೋಟ ಜಗಲಿಯ ಮೇಲೆ ಇಟ್ಟ. ಮುಜೀಬ್ ಆಟೋ ಸ್ಟಾರ್ಟ್ ಮಾಡಿದ.

"ಬರ್ತೀನ್ರೀ," ಎಂದ ರುದ್ರ. ಎರಡು ಹೆಜ್ಜೆ ಹೋಗಿ ನಿಂತು, ತಿರುಗಿ, ಆಕೆಯ ಕಣ್ಣಲ್ಲಿ ಕಣ್ಣಿಟ್ಟು ಸೇರಿಸಿದ: "ಅತ್ತೆ."

ಸಿದ್ದಲಿಂಗಮ್ಮನ ಕೈ ಲೋಟದ ಮೇಲೆ ನಿಂತಿತು. ತಿದ್ದುತ್ತಾಳೆ ಎಂದು ಕಾದ. ಆಕೆ ತಿದ್ದಲಿಲ್ಲ. ತಲೆ ತಗ್ಗಿಸಿದಳು.

"ಹುಷಾರಾಗಿ ಹೋಗಪ್ಪ," ಎಂದಳು. "ಬಿಸಿಲು ಜಾಸ್ತಿ ಐತೆ."