ಸ್ವಂತ ದನಿ ಇಲ್ಲದ ಡಬ್ಬಿ

ಆಫ್ತಾಬನ ಹತ್ತಿರ ಸಿಂಥಸೈಜರ್ ಇರಲಿಲ್ಲ. ಮಿಡಿ ಗಿಟಾರ್ ಇತ್ತು. ಯಾರೋ ಮಾರಿದ್ದನ್ನು ಸೌದಿಯಲ್ಲಿದ್ದ ಸೋದರಮಾವ ಕೊಂಡು ತಂದುಕೊಟ್ಟಿದ್ದ. ತಂತಿಗಳ ಕೆಳಗೆ ಅವುಗಳ ಕಂಪನ ಹಿಡಿಯುವ ಕಡ್ಡಿಯಂಥ ಪಿಕಪ್, ಬದಿಯಲ್ಲಿ ದಪ್ಪ ಕೇಬಲ್ ಸಿಕ್ಕಿಸುವ ತೂತು. ಸಿಂಥಸೈಜರ್ ಡಬ್ಬಿಗೆ ಜೋಡಿಸಿದರೆ ಅದರಿಂದ ಕೊಳಲು, ವಯಲಿನ್, ಶಹನಾಯಿ ಏನು ಬೇಕಾದರೂ ಬರುತ್ತಿತ್ತು. ಡಬ್ಬಿ ಇಲ್ಲದಿದ್ದರೆ ಅದು ಬರೀ ಗಿಟಾರು.

ಅದು ೨೦೦೪ನೇ ಇಸವಿ. ಲಗ್ನಗಳಿಗೆ ನುಡಿಸುವ ಗಜೇಂದ್ರಗಡದ ಒಂದು ಆರ್ಕೆಸ್ಟ್ರಾದಲ್ಲಿ ಅವನು ಗಿಟಾರ್, ಸುಧಾರಾಣಿ ಕೀಬೋರ್ಡ್. ಅವಳು ನೇಕಾರರ ಮಗಳು. ಮಗ್ಗದ ಸದ್ದಿನ ನಡುವೆ ಕಲಿತವಳಾದ್ದರಿಂದ ಗದ್ದಲದ ಚಪ್ಪರದಲ್ಲೂ ತಾಳ ತಪ್ಪುತ್ತಿರಲಿಲ್ಲ. ಅವ್ವ ಶಂಕ್ರವ್ವ ಕೆಲಸ ಅಂದರೆ ಯಾವ ಊರಿಗಾದರೂ ಕಳಿಸುತ್ತಿದ್ದಳು. ಕೆಲಸವಲ್ಲದ್ದಕ್ಕೆ ಓಣಿ ದಾಟಲೂ ಬಿಡುತ್ತಿರಲಿಲ್ಲ. ಸುಧಾರಾಣಿಯೂ ಒಬ್ಬ ಮುಸಲ್ಮಾನರ ಹುಡುಗನೂ ಅಕ್ಕಪಕ್ಕ ಕೂತುಕೊಳ್ಳಬಹುದಾದ ಜಾಗವೆಂದರೆ ಸ್ಟೇಜು ಒಂದೇ. ಇದು ಇಬ್ಬರಿಗೂ ಗೊತ್ತಿತ್ತು. ಬಾಯಿಬಿಟ್ಟು ಹೇಳಿಕೊಂಡಿರಲಿಲ್ಲ.

ನರಗುಂದದಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುವ ಮದರಸಾಬ ಪುಣೆಯಿಂದ ಎರಡು ಹಳೆಯ ಡಬ್ಬಿ ತರಿಸಿದ್ದಾನೆಂದು ಸುದ್ದಿ ಬಂತು. ಆರ್ಕೆಸ್ಟ್ರಾದ ಮಾಲಕ ಗವಿಸಿದ್ದಪ್ಪ ಆಫ್ತಾಬನನ್ನು ಬದಿಗೆ ಕರೆದ. ಶಹನಾಯಿ ಇರುವ ಡಬ್ಬಿ ತಗೊಂಡರೆ ಕೀಬೋರ್ಡಿನ ಪಗಾರವೂ ನಿನಗೇ ಅಂದ. ಅಕ್ಷತೆ ಬೀಳುವ ಗಳಿಗೆಗೆ ಶಹನಾಯಿ ಎದ್ದರೆ ಸಾಕು, ಉಳಿದದ್ದನ್ನು ಯಾರೂ ಕಿವಿಗೊಟ್ಟು ಕೇಳುವುದಿಲ್ಲ ಅನ್ನುವುದು ಅವನ ಅನುಭವ. ಆ ಶಹನಾಯಿಯನ್ನು ಇಷ್ಟು ವರ್ಷ ಕೀಬೋರ್ಡಿನಲ್ಲಿ ನುಡಿಸುತ್ತಿದ್ದವಳು ಸುಧಾರಾಣಿ. ಆಫ್ತಾಬ ಹೂಂ ಅಂದ.

ದನಿಯ ಒಳ್ಳೆಯದು ಕೆಟ್ಟದ್ದು ತಿಳಿಯುವ ಕಿವಿ ಅವಳದು ಎಂದು ಗವಿಸಿದ್ದಪ್ಪ ಅವಳನ್ನೂ ಜೊತೆಗೆ ಕಳಿಸಿದ. ಡಬ್ಬಿ ಯಾಕೆ ಬೇಕೆಂದು ಅವಳಿಗೆ ಹೇಳಲಿಲ್ಲ.

ರೋಣದಲ್ಲಿ ಬಸ್ ಬದಲಿಸಿದರು. ಗಿಟಾರನ್ನು ಮೊಣಕಾಲ ನಡುವೆ ನಿಲ್ಲಿಸಿಕೊಂಡು ಅವನು ಕಿಟಕಿ ನೋಡುತ್ತ ಕುಳಿತ. ಸುಧಾರಾಣಿ ಖುಷಿಯಲ್ಲಿದ್ದಳು. ಸ್ಟೇಜಿನ ಮೇಲೆ ಶ್ರುತಿ ಕೇಳುವಾಗ ನೋಡುವಂತೆ, ಮುಖ ತಿರುಗಿಸದೆ ಕಣ್ಣಷ್ಟೇ ಅವನ ಕಡೆ ಸರಿಸುತ್ತಿದ್ದಳು. ಅವನು ತಿರುಗಿ ನೋಡುವ ಹೊತ್ತಿಗೆ ಅವಳ ಕಣ್ಣು ಮುಂದಿನ ಸೀಟಿನ ಮೇಲಿರುತ್ತಿತ್ತು.

"ಬಸ್ ಹತ್ತಿದಾಗಿಂದ ಮಾತ ಇಲ್ಲ," ಅಂದಳು ಯಾವಗಲ್ ದಾಟಿದಮೇಲೆ. "ನನಗ ಟಿಕೆಟ್ ತಗಸಬೇಕಾತಂತ ಹೊಟ್ಟಿ ಉರಿಯಾಕತ್ತೈತೇನು?"

"ಹಂಗೇನಿಲ್ಲ."

"ಮತ್ತ ಮಾರಿ ಯಾಕ ಹಿಂಗ? ಡಬ್ಬಿ ತಗೊಳ್ಳಾಕ ಹೊಂಟೀವಿ. ದವಾಖಾನಿಗಲ್ಲ."

ಅವನು ನಕ್ಕ. ನಗು ಅವನ ಮುಖದಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಅವಳು ಅದನ್ನು ಗಮನಿಸಿದಳು.

ನರಗುಂದದ ಅಂಗಡಿಯಲ್ಲಿ ಮದರಸಾಬ ಮೇಜಿನ ಮೇಲೆ ಎರಡೂ ಡಬ್ಬಿ ಇಟ್ಟ. ಒಂದು ನೀಲಿ, ಕಾಲಿನಿಂದ ಒತ್ತುವ ಪೆಡಲುಗಳಿದ್ದದ್ದು. ಇನ್ನೊಂದು ಕರಿ, ಸಣ್ಣದು, ನೋಡಲು ಏನೂ ಇಲ್ಲ. ನೀಲಿಯದಕ್ಕೆ ತನ್ನದೇ ದನಿಗಳಿವೆ ಎಂದು ಅವನು ವಿವರಿಸಿದ.

"ಕರೇದಕ್ಕ ಸ್ವಂತ ದನಿ ಇಲ್ಲ ಬೇಟಾ. ನೀ ಗಿಟಾರಿನ್ಯಾಗ ನುಡಿಸಿದ್ದನ್ನ ವೈರಿನ ಮ್ಯಾಲ ಕೀಬೋರ್ಡಿಗೆ ಕಳಸತೈತಿ. ದನಿ ಅಲ್ಲಿಂದನ ಬರಬೇಕು. ಬಾಜೂಕ ಕೀಬೋರ್ಡ್ ಇಲ್ಲಂದ್ರ ಇದು ಮೂಕ."

ಮೊದಲು ನೀಲಿ ಡಬ್ಬಿಗೆ ಜೋಡಿಸಿದರು. ಆಫ್ತಾಬ ಶಹನಾಯಿ ಆರಿಸಿ ನುಡಿಸಿದ. ಸ್ವರ ಮುರಿದು ಮುರಿದು ಬಂತು. ನಡುವೆ ಗುಬ್ಬಿ ಅರಚಿದಂಥ ಸದ್ದು. ಮತ್ತೆ ನುಡಿಸಿದ, ಹಾಗೆಯೇ. ಇದು ನಡೆಯುವುದಿಲ್ಲ, ಸ್ವರ ತಡವಾಗಿ ಏಳುತ್ತದೆ, ಅಕ್ಷತೆಗೆ ಸಿಗುವುದಿಲ್ಲ ಎಂದು ಅವನು ಡಬ್ಬಿ ನೋಡುತ್ತ ಹೇಳಿದ.

ಸುಧಾರಾಣಿ ಡಬ್ಬಿ ನೋಡುತ್ತಿರಲಿಲ್ಲ. ಅವನ ಬಲಗೈ ನೋಡುತ್ತಿದ್ದಳು. ಆ ಕೈ ತಂತಿಯನ್ನು ಹೇಗೆ ಮುಟ್ಟುತ್ತದೆ ಎಂದು ಅವಳಿಗೆ ಅವಳ ಕೈಗಿಂತ ಚೆನ್ನಾಗಿ ಗೊತ್ತಿತ್ತು. ಅದು ಈಗ ಒಂದು ತಂತಿ ಮೀಟುವಾಗ ಪಕ್ಕದ್ದನ್ನೂ ಬೇಕೆಂದೇ ತಾಗಿಸುತ್ತಿತ್ತು. ಇಂಥ ಡಬ್ಬಿಗೆ ಎರಡು ತಂತಿ ಒಟ್ಟಿಗೆ ಅಲುಗಿದರೆ ಸ್ವರ ತಿಳಿಯುವುದಿಲ್ಲ.

"ಬೇಕಂತ ಕೆಡಸಾಕತ್ತಿ," ಅಂದಳು. "ಸ್ವಚ್ಛ ನುಡಸು."

ಅವನು ತಲೆ ಎತ್ತಲಿಲ್ಲ. ಕೊನೆಗೆ ಒಂದೊಂದೇ ತಂತಿ ಮೀಟಿ ನುಡಿಸಿದ. ಶಹನಾಯಿ ಅಂಗಡಿ ತುಂಬಿ ಹೊರಗೆ ಹೋಯಿತು. ಒಳಮನೆಯಿಂದ ಮದರಸಾಬನ ಹೆಂಡತಿ ಕಮರುನ್ನಿಸಾ ಸೆರಗು ಸರಿಪಡಿಸಿಕೊಂಡು ಬಂದು ಯಾರ ದಿಬ್ಬಣ ಬಂತೆಂದು ಬೀದಿ ನೋಡಿದಳು. ಮದರಸಾಬ ನಕ್ಕ. ಹೆಂಡತಿಗೆ ಚಹಾ ಹೇಳಿ ತಾನೂ ಒಳಗೆ ಹೋದ.

ಸುಧಾರಾಣಿಗೆ ಎಲ್ಲವೂ ಅಲ್ಲಿಯೇ ತಿಳಿಯಿತು. ತನ್ನ ಕೆಲಸ ಪೂರ್ತಿ ಆ ನೀಲಿ ಡಬ್ಬಿಯಲ್ಲಿತ್ತು. ಅದನ್ನು ಆರಿಸಿಕೊಡಲು ತಾನೇ ಬಂದಿದ್ದಳು.

"ಗವಿಸಿದ್ದಪ್ಪ ಹೇಳ್ಯಾರ?"

"ಹೇಳ್ಯಾರ."

"ನೀ ಏನಂದಿ?"

"ಹೂಂ ಅಂದೆ."

ಅವನು ಬೇರೆ ಏನಾದರೂ ಹೇಳಿದ್ದರೆ ಅವಳು ನಂಬುತ್ತಿರಲಿಲ್ಲ.

"ಹೂಂ ಅಂದಾವ ಇಲ್ಲಿ ಬಂದು ಯಾಕ ಕೆಡಿಸಿದಿ? ನನ್ನ ಮ್ಯಾಲ ಕರುಣಾ ಬ್ಯಾಡ. ಮನ್ಯಾಗ ಮಗ್ಗ ಐತಿ, ನಾ ಉಪವಾಸ ಬೀಳೂದಿಲ್ಲ."

"ಕರುಣಾ ಅಲ್ಲ." ಅವನ ಬೆರಳು ತಂತಿಯ ಮೇಲೆಯೇ ಇತ್ತು; ಒತ್ತಿ ಹಿಡಿದಿದ್ದ, ಸದ್ದಾಗದಂತೆ. "ಬಾಜೂಕ ನೀ ಕುಂತಿರತಿ ಅಂತ ನಾ ಆ ಆರ್ಕೆಸ್ಟ್ರಾದಾಗ ಅದೀನಿ. ಬಸ್ಸಿನ್ಯಾಗ ಇದ ತಿಳೀತು. ಹೂಂ ಅಂದಾಗ ತಿಳಿದಿರಲಿಲ್ಲ."

ಅವಳು ಈಗ ಮುಖ ಪೂರ್ತಿ ತಿರುಗಿಸಿ ಅವನನ್ನು ನೋಡಿದಳು. ಈ ಸಲ ಕಣ್ಣು ಬೇರೆ ಕಡೆ ಸರಿಯಲಿಲ್ಲ. ನೋಟ ತಡೆಯಲಾರದೆ ಕೆಳಗೆ ನೋಡಿದವನು ಅವನೇ.

"ಭಾಳ ತಡಾ ಮಾಡಿ ತಿಳಕೊಂತಿ ನೀ," ಅಂದಳು. "ನನಗ ಹೋದ ವರ್ಷನ ತಿಳಿದಿತ್ತು."

ಆಮೇಲೆ ಕರಿ ಡಬ್ಬಿಯ ವೈರನ್ನು ತಾನೇ ಎತ್ತಿಕೊಂಡು ಅಂಗಡಿಯ ಹಳೆಯ ಕೀಬೋರ್ಡಿಗೆ ಸಿಕ್ಕಿಸಿದಳು. ಅವನು ಗಿಟಾರಿನ ಕೇಬಲ್ಲನ್ನು ನೀಲಿಯದರಿಂದ ಕರಿಯದಕ್ಕೆ ಬದಲಿಸಿ ಒಂದು ತಂತಿ ಮೀಟಿದ. ಸ್ವರ ಅವಳ ಕೈಕೆಳಗಿನ ಕೀಬೋರ್ಡಿನಿಂದ ಎದ್ದಿತು. ಅವಳು ಬೆರಳು ಹಿಂದಕ್ಕೆ ತೆಗೆದು ಮತ್ತೆ ಕೀಗಳ ಮೇಲೆ ಇಟ್ಟಳು, ಅವನ ಸ್ವರದ ಕೆಳಗೆ ತನ್ನದನ್ನು ಹಿಡಿದಳು. ಚಹಾ ತಂದ ಕಮರುನ್ನಿಸಾ ಬಾಗಿಲಲ್ಲೇ ನಿಂತಳು.

ಆ ಕರಿ ಡಬ್ಬಿಯನ್ನೇ ತಗೊಂಡರು. ಅದು ಒಳ್ಳೆಯ ಡಬ್ಬಿ ಅಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಗವಿಸಿದ್ದಪ್ಪ ಬೈಯಲಿಲ್ಲ. ತಾನೇ ನರಗುಂದಕ್ಕೆ ಹೋಗಿ ನೀಲಿ ಡಬ್ಬಿ ತಂದ. ಮಿಡಿ ಗಿಟಾರ್ ಇದ್ದ ಇನ್ನೊಬ್ಬನನ್ನು ಬಾಗಲಕೋಟೆಯಿಂದ ಕರೆಸಿದ. ಆಫ್ತಾಬನಿಗೂ ಸುಧಾರಾಣಿಗೂ ಇನ್ನು ಬರಬೇಡಿ ಅಂದ. ಕೆಲಸವಿದ್ದಷ್ಟು ದಿನ ಒಟ್ಟಿಗಿರಲು ನೆಪವಿತ್ತು. ನೆಪ ಹೋದಮೇಲೆ ಮನೆಗಳಲ್ಲಿ ಹೇಳಲೇಬೇಕಾಯಿತು. ಹೇಳಿದರು. ಮುಂದಿನ ಬೇಸಿಗೆಗೆ ರೋಣದ ಕಚೇರಿಯಲ್ಲಿ ರಜಿಸ್ಟರ್ ಮದುವೆಯಾಗಿ ಅಲ್ಲಿಯೇ ಬಾಡಿಗೆಗೆ ಒಂದು ಖೋಲಿ ಹಿಡಿದರು. ನಾಮಕರಣ, ಶಾಲೆಯ ವಾರ್ಷಿಕ ಗ್ಯಾದರಿಂಗು ಎಂದು ಕರೆದಲ್ಲಿಗೆ ಇಬ್ಬರೇ ಹೋಗಿ ನುಡಿಸುತ್ತಾರೆ.

ಕಳೆದುಕೊಂಡದ್ದು ಇಷ್ಟು: ಎರಡು ನೌಕರಿ, ಒಂದು ಹಂಗಾಮಿನ ಲಗ್ನಗಳು, ಮಾತು ಬಿಟ್ಟವರಲ್ಲಿ ಅವನ ಕಡೆ ಇಬ್ಬರು ಅಣ್ಣಂದಿರು, ಅವಳ ಕಡೆ ಅವ್ವ.