ನೀಲಿ ಅಂಗಿ ಕತ್ತರಿಸಿದವಳು

"ಬೆಲ್ಟ್ ಎಲ್ಲಿ?"

ಮೇಜಿನ ಮುಂದೆ ನಿಂತವನು ಅವಳೊಡನೆ ಆಡಿದ ಮೊದಲ ಮಾತೇ ಅದು.

ಸಮಾರಂಭಗಳಿಗೆ ಆಳುಗಳನ್ನು ಆರಿಸುವುದು ಅವಳ ಕೆಲಸ. ಕಂಪನಿ ಭಾವನದು. ಅವಳಿದ್ದದ್ದೂ ಅಕ್ಕ-ಭಾವನ ಮನೆಯಲ್ಲೇ. ಆರಿಸಿದವರ ಕೈಗೊಂದು ನೀಲಿ ಅಂಗಿ ಕೊಟ್ಟರೆ ನೇಮಕ ಮುಗಿಯಿತು. ಪತ್ರವಿಲ್ಲ, ಸಹಿಯಿಲ್ಲ. ಸಂಜೆ ಅಂಗಿ ಬಿಚ್ಚಿ ಕೊಟ್ಟ ಮೇಲೆ, ಅವರು ಅಲ್ಲಿ ದುಡಿದದ್ದಕ್ಕೆ ಬೇರೆ ಗುರುತೇ ಇಲ್ಲ.

"ಯಾವ ಬೆಲ್ಟ್?"

"ಮೂವತ್ತು ಅಡಿ ಮೇಲೆ ದೀಪ ಕಟ್ಟೋನು ನಾನು. ಸೊಂಟಕ್ಕೆ ಬೆಲ್ಟ್ ಬೇಕು, ಕೈಗೆ ನೇಮಕದ ಕಾಗದ ಬೇಕು."

"ಅಬ್ಬಬ್ಬಾ! ಮದುವೆ ಗಂಡೂ ಇಷ್ಟು ಕೇಳಲ್ಲ!"

"ಮದುವೆ ಗಂಡು ಬಿದ್ರೆ ಎತ್ತೋಕೆ ಎರಡು ಮನೆಯೋರು ಓಡಿ ಬರ್ತಾರೆ ಮೇಡಂ. ನಾನು ಬಿದ್ರೆ?"

ಸಾಲಿನಲ್ಲಿದ್ದವರೆಲ್ಲ ನಕ್ಕರು. ಅವನ ಕಣ್ಣಲ್ಲಿ ತಮಾಷೆಯಿತ್ತು, ಮಾತಿನಲ್ಲಿರಲಿಲ್ಲ. ಅವಳ ಎದೆ ಯಾಕೋ ಹೊಡೆದುಕೊಂಡಿತು...

"ಭಾವನ್ನ ಕೇಳಿ ಎರಡೂ ತರಿಸ್ತೀನಿ. ಇದೊಂದು ಸಲ ಹತ್ತಿ."

ಹೀಗೆ ಏಳು ಸಮಾರಂಭಗಳು ಕಳೆದವು. ಪ್ರತಿ ಸಲವೂ ಅವನು ಕೇಳಿದ, ಅವಳು ಅದೇ ಉತ್ತರ ಕೊಟ್ಟಳು. ದಿನವಿಡೀ ನಿಂತೇ ಇರುವ ಅವಳಿಗಾಗಿ ಅವನು ಖಾಲಿ ಪೆಟ್ಟಿಗೆಯೊಂದನ್ನು ನೆರಳಿಗೆ ತಂದು, ತೋಳಿನಿಂದ ಧೂಳು ಒರೆಸಿಟ್ಟು, ಮೇಲೆ ಹತ್ತುತ್ತಿದ್ದ. ಅವನು ಇಳಿಯುವ ತನಕ ಅವಳು ಮತ್ತೆ ಮತ್ತೆ ಕತ್ತೆತ್ತಿ ನೋಡುತ್ತಿದ್ದಳು.

ಆದರೂ ಅವಳು ಭಾವನನ್ನು ಒಮ್ಮೆಯೂ ಕೇಳಿರಲಿಲ್ಲ. ಹಂಗಿನ ಅನ್ನ ತಿನ್ನುವವರಿಗೆ ಬಾಯಿ ಎಲ್ಲಿರುತ್ತದೆ?

ಎಂಟನೆಯ ಸಮಾರಂಭದ ಮಧ್ಯಾಹ್ನ ಅವನು ಬಿದ್ದ.

ರಕ್ತದಲ್ಲಿ ನೆನೆದ ಅಂಗಿ ಕೊರಳಿಗೆ ಬಿಗಿದು ಉಸಿರು ಕಟ್ಟುತ್ತಿತ್ತು. ಉದ್ಘಾಟನೆಯ ರಿಬ್ಬನ್ನಿಗೆಂದು ತಟ್ಟೆಯಲ್ಲಿಟ್ಟಿದ್ದ ಕತ್ತರಿಯನ್ನೇ ಎಳೆದುಕೊಂಡು, ಅವಳು ಅಂಗಿಯನ್ನು ಸರಸರನೆ ಕತ್ತರಿಸಿದಳು. ತನ್ನ ದುಪಟ್ಟಾ ಹೊದಿಸಿ ಆಂಬುಲೆನ್ಸಿಗೆ ಹತ್ತಿಸಿದಳು.

ಹಿಂದಿರುಗಿ ನೋಡಿದರೆ ನೆಲದ ಮೇಲೆ ಅಂಗಿಯ ಚೂರುಗಳಿರಲಿಲ್ಲ. ಭಾವ ಆಗಲೇ ಎತ್ತಿಟ್ಟಿದ್ದ.

"ಯಾರೋ ದಾರಿಹೋಕ ಸರ್," ಎಂದ ಭಾವ, ಅಂದು ಸಂಜೆ ವಿಚಾರಣೆಗೆ ಬಂದ ಕಾರ್ಮಿಕ ಅಧಿಕಾರಿಗೆ. "ತಮಾಷೆ ನೋಡೋಕೆ ಹತ್ತಿದ್ದ. ನಮ್ಮ ಆಳಾದ್ರೆ ಮೈಮೇಲೆ ನೀಲಿ ಅಂಗಿ ಇರ್ಬೇಕಲ್ಲ? ಏನಮ್ಮಾ, ಹೌದೋ ಅಲ್ವೋ?"

ಪಕ್ಕದಲ್ಲಿದ್ದ ಅಕ್ಕ ಅವಳ ಕೈ ಹಿಸುಕಿದಳು. ಉಳಿದ ಆಳುಗಳು ನಾಳೆಯ ಕೆಲಸ ನೆನೆದು ತಲೆ ತಗ್ಗಿಸಿದರು.

ಅವಳೂ ತಗ್ಗಿಸಿದಳು.

ಮೂರನೆಯ ದಿನ ಆಸ್ಪತ್ರೆಗೆ ಹೋದಾಗ ಅವನ ಎಡಗಾಲು ಮೊಣಕಾಲಿನ ಕೆಳಗೆ ಇರಲಿಲ್ಲ. ಕಂಪನಿಯ ಕೆಲಸದವನೆಂದು ಸಾಬೀತಾಗದಿದ್ದರೆ ಪರಿಹಾರವೂ ಇಲ್ಲ, ಕೃತಕ ಕಾಲೂ ಇಲ್ಲ.

"ಎಂಥಾ ಚುರುಕು ಬುದ್ಧಿ ನಿಮ್ದು! ನಾನು ಸಾಯ್ತಿದ್ರೂ ಮೊದಲು ಅಂಗಿ ತೆಗೆಸಿದ್ರಿ."

"ಅಯ್ಯೋ ಇಲ್ಲ! ನಿಮ್ಮ ಉಸಿರು ಕಟ್ತಿತ್ತು..."

"ಆಫೀಸರು ಬಂದಾಗ ಯಾರ ಉಸಿರು ಕಟ್ಟಿತ್ತು?"

ವಾರ್ಡಿನ ಆಯಾ ಸದ್ದಿಲ್ಲದೆ ಅವಳ ಹಿಂದೆ ಒಂದು ಸ್ಟೂಲು ಸರಿಸಿದಳು.

"ಬೇಡಮ್ಮ, ಅವರು ಕೂರಲ್ಲ," ಎಂದ ಅವನು. "ಹೊರಡ್ತಾರೆ."

ಹೊರಟವಳು ನೇರವಾಗಿ ಕಾರ್ಮಿಕ ಕಚೇರಿಗೆ ನಡೆದಳು.

"ಯೋಚಿಸಿ ಬರೀರಿ," ಅಧಿಕಾರಿ ಎಚ್ಚರಿಸಿದರು. "ಬೆಲ್ಟಿಲ್ದೆ ಹತ್ತಿಸಿದ್ದು ನೀವು. ಕೇಸು ನಿಮ್ಮ ಮೇಲೂ ಆಗತ್ತೆ."

ಅವಳು ಬರೆದಳು: 'ಇವರನ್ನು ಕೆಲಸಕ್ಕೆ ತೆಗೆದುಕೊಂಡವಳು ನಾನು. ಎಂಟು ಸಲ ಬೆಲ್ಟ್ ಕೇಳಿದರು. ನಾನು ಒಮ್ಮೆಯೂ ಮಾಲೀಕರಿಗೆ ಹೇಳಲಿಲ್ಲ.'

ಸಂಜೆ ಅವಳ ಸೂಟ್‌ಕೇಸು ಬಾಗಿಲ ಹೊರಗಿತ್ತು. "ಉಂಡ ಮನೆಗೆ ಎರಡು ಬಗೆದೆಯಲ್ಲೇ!" ಒಳಗಿಂದ ಅಕ್ಕನ ಅಳು. ಸೂಟ್‌ಕೇಸಿನ ಮೇಲೆ ಅವಳ ತಲೆನೋವಿನ ಮಾತ್ರೆಗಳನ್ನು ಮಾತ್ರ ಯಾರೋ ಮರೆಯದೆ ಇಟ್ಟಿದ್ದರು.

ಮರುದಿನ ಬೆಳಿಗ್ಗೆ ಅವಳು ಆಸ್ಪತ್ರೆಗೆ ಬಂದಾಗ ಅವನ ಕೈಯಲ್ಲಿ ಅವಳ ಹೇಳಿಕೆಯ ಪ್ರತಿಯಿತ್ತು. ಅಧಿಕಾರಿ ಬಂದು ಕೊಟ್ಟು ಹೋಗಿದ್ದರು.

"ಒಂದು ಸಲಾನೂ ಕೇಳಿರ್ಲಿಲ್ವಾ? ನಿಮ್ಮ ಭಾವಾನೇ ಕೊಡ್ತಿಲ್ಲ ಅಂದ್ಕೊಂಡಿದ್ದೆ..."

"ಇಲ್ಲ. ಮನೆ ಬಿಡಿಸ್ತಾರೆ ಅಂತ ಭಯ."

"ಈಗ?"

"ಬಿಡಿಸಿದ್ರು."

ಅವನು ಹೇಳಿಕೆಯನ್ನು ಮಡಚಿ ದಿಂಬಿನ ಪಕ್ಕಕ್ಕಿಟ್ಟ. "ನಿಮಗೆ ಧೈರ್ಯ ಬರೋಕೆ ನನ್ನ ಕಾಲೇ ಹೋಗ್ಬೇಕಿತ್ತಾ?"

ಅವಳು ಅಂಗೈಯಿಂದ ಕಣ್ಣೊರೆಸಿಕೊಂಡಳು.

"ಕ್ಷಮಿಸೋಕೆ ಆಗ್ತಿಲ್ಲ ನಂಗೆ."

"ಕ್ಷಮಿಸ್ಬೇಡಿ. ನೀವಂದ್ರೆ ನಂಗೆ ಪ್ರಾಣ ಅಂತಾನೂ ಅದರಲ್ಲಿ ಬರೀಬೇಕಿತ್ತು... ಆ ಫಾರಮ್ಮಿನಲ್ಲಿ ಜಾಗ ಬಿಟ್ಟಿರ್ಲಿಲ್ಲ."

ಅವನಿಗೆ ತಡೆಯಲಾಗದೆ ನಗು ಬಂತು. ನಗುತ್ತಲೇ ನೋವಿಗೆ ಮುಖ ಕಿವುಚಿದ.

"ನಗಿಸ್ಬೇಡಿ, ಹೊಲಿಗೆ ಎಳೆಯತ್ತೆ!" ದನಿ ತಗ್ಗಿಸಿ ಹೇಳಿದ, "ಹುಚ್ಚು ಅಂದ್ಕೊಳ್ತೀರೇನೋ... ಇಲ್ಲದ ಪಾದ ರಾತ್ರಿಯಿಂದ ತುರಿಸ್ತಾನೇ ಇದೆ."

ಅವಳು ಮಂಚದ ಕೊನೆಗೆ ಹೋಗಿ, ಬರಿದಾದ ಹಾಸಿಗೆಯ ಮೇಲೆ ಬೆರಳಿಟ್ಟು, ಮೆಲ್ಲನೆ ಕೆರೆದಳು.

"ಇಲ್ಲೇನಾ?"

ಅವನು ಕಣ್ಣು ಮುಚ್ಚಿದ.

"ಇನ್ನೂ ಸ್ವಲ್ಪ ಕೆಳಗೆ..."